ಅರ್ಥಿಂಗ್ ಸರಿಯಿದ್ದರೂ ವಿನೈಲ್ ಯಾಕೆ ಚುರುಕ್ ಅನ್ನುತ್ತದೆ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಸೈನ್‌ಬೋರ್ಡ್ ಅಂಗಡಿ. ವಿನೈಲ್ (ಬೋರ್ಡಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಮೇಲೆ ಮುದ್ರಿಸುವ ಒಂದು ಇಕೋ ಸಾಲ್ವೆಂಟ್ ಪ್ರಿಂಟರ್, ಅದನ್ನು ಅಕ್ಷರವಾಗಿ ಕತ್ತರಿಸುವ ಒಂದು ಕಟಿಂಗ್ ಪ್ಲಾಟರ್, ಪ್ರಿಂಟ್ ಮೇಲೆ ಫಿಲ್ಮ್ ಅಂಟಿಸುವ ಒಂದು ಕೋಲ್ಡ್ ಲ್ಯಾಮಿನೇಷನ್ ಮಷೀನ್ ಇವೆ. ಆಕ್ರಿಲಿಕ್ ಅಕ್ಷರದ ಕೆಲಸವನ್ನೂ ಮಾಡುತ್ತೇವೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ಕಾಟ ಶುರು. ವಿನೈಲ್ ರೋಲ್ ಮುಟ್ಟಿದರೆ ಶಾಕ್, ಅಕ್ಷರದ ಅಂಚಿನ ಸುತ್ತ ಇಂಕಿನ ಸಣ್ಣ ಚುಕ್ಕೆಗಳು, ಲ್ಯಾಮಿನೇಷನ್ ಒಳಗೆ ಧೂಳು, ಪ್ಲಾಟರ್ ಅರ್ಧ ಕೆಲಸದಲ್ಲಿ ನಿಂತುಬಿಡುತ್ತದೆ. ಎಲೆಕ್ಟ್ರಿಷಿಯನ್ ನೋಡಿ ಅರ್ಥಿಂಗ್ ಸರಿಯಿದೆ ಎಂದರು. ಗೆಳೆಯರು ಕೂಲರ್ ಇಡು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಸ್ಟ್ಯಾಟಿಕ್ ಇರಬೇಕು, ಅಂದರೆ ವಸ್ತುಗಳ ಮೇಲೆ ಹರಿಯದೆ ಕೂತುಬಿಡುವ ವಿದ್ಯುತ್ ಚಾರ್ಜ್. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ನಿಜವೇ ಇರಬಹುದು. ಆದರೆ ಅರ್ಥಿಂಗ್ ಎಷ್ಟು ಪಕ್ಕಾ ಇದ್ದರೂ ನಿಮ್ಮ ತೊಂದರೆ ಅರ್ಧಕ್ಕರ್ಧ ಹಾಗೇ ಉಳಿಯುತ್ತದೆ. ಯಾಕಂದ್ರೆ ಅರ್ಥಿಂಗ್ ಕೆಲಸ ಮಾಡುವುದು ಕರೆಂಟ್ ಹರಿಯುವ ವಸ್ತುವಿಗೆ ಮಾತ್ರ. ಮಷೀನಿನ ಬಾಡಿ, ಕಬ್ಬಿಣದ ಟೇಬಲ್, ರೋಲರ್, ನಮ್ಮ ಮೈ. ವಿನೈಲ್ ಅನ್ನುವುದು ಪ್ಲಾಸ್ಟಿಕ್. ಅದರ ಮೇಲೆ ಕೂತ ಚಾರ್ಜ್ ಕೂತಲ್ಲೇ ಕೂತಿರುತ್ತದೆ. ಒಂದು ಮೂಲೆಗೆ ತಂತಿ ತಾಗಿಸಿ ನೆಲಕ್ಕೆ ಬಿಟ್ಟರೆ ತಂತಿ ತಾಗಿದ ಜಾಗದ್ದು ಹೋಗುತ್ತದೆ, ಗೇಣುದ್ದ ಆಚೆಗಿನದು ಅಲ್ಲಾಡುವುದೂ ಇಲ್ಲ. ಲೋಹಕ್ಕೂ ಮನುಷ್ಯರಿಗೂ ಅರ್ಥಿಂಗ್ ಬೇಕು, ಪ್ಲಾಸ್ಟಿಕ್‌ನ ಚಾರ್ಜನ್ನು ಗಾಳಿಯಿಂದಲೇ ಇಳಿಸಬೇಕು. ಇದೊಂದು ತಲೆಗೆ ಹತ್ತಿದರೆ ಮುಂದಿನದು ಸುಲಭ. ಮಾರುಕಟ್ಟೆಯಲ್ಲಿ ಸಿಗುವ ಯಾವ ಸಾಮಾನು ಉಪಯೋಗಕ್ಕೆ ಬರುತ್ತದೆ, ಯಾವುದು ಸುಮ್ನೆ ದುಡ್ಡು ದಂಡ ಅನ್ನುವುದೂ ನಿಮಗೇ ಗೊತ್ತಾಗುತ್ತದೆ.

ಮೊದಲು ಆ ಚುಕ್ಕೆಗಳು ಸ್ಟ್ಯಾಟಿಕ್‌ನಿಂದಲೇ ಬರುತ್ತಿವೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಅದೇ ಫೈಲನ್ನು ಒಂದು ತುಂಡು ಪೋಸ್ಟರ್ ಪೇಪರ್ ಮೇಲೆ ಹೊಡೆಯಿರಿ. ಪೇಪರ್ ಮೇಲೆ ಅಂಚು ಚೊಕ್ಕಟವಾಗಿ ಬಂದು ವಿನೈಲ್ ಮೇಲೆ ಮಾತ್ರ ಚುಕ್ಕೆ ಹರಡಿದರೆ ಸ್ಟ್ಯಾಟಿಕ್ ಮೇಲೆ ಅನುಮಾನ ಗಟ್ಟಿ. ಎರಡರ ಮೇಲೂ ಬಂದರೆ ನಾಜಲ್ (ಇಂಕ್ ಬರುವ ಸಣ್ಣ ತೂತು) ಚೆಕ್ ಮಾಡಿ, ಹೆಡ್ (ಇಂಕ್ ಚಿಮ್ಮುವ ಭಾಗ) ಎತ್ತರ ನೋಡಿ. ಬೆಳಿಗ್ಗೆ ಚೆನ್ನಾಗಿ ಬಂದ ಕೆಲಸ ಮಧ್ಯಾಹ್ನ ಮೂರಕ್ಕೆ ಕೆಡುತ್ತಿದ್ದರೆ ಅದೂ ಒಂದು ಸುಳಿವು. ಇನ್ನೊಂದು ಮಾತು, ಮಲ್ಟಿಮೀಟರ್ ಹಿಡಿದು ವಿನೈಲ್ ಮೇಲಿನ ವೋಲ್ಟೇಜ್ ಅಳೆಯಲು ಹೋಗಬೇಡಿ. ಮೀಟರ್ ಕಡ್ಡಿ ತಾಗಿದ ಕೂಡಲೇ ಅಲ್ಲಿದ್ದ ಚೂರುಪಾರು ಚಾರ್ಜ್ ಮೀಟರ್ ಒಳಗೇ ಇಳಿದು ಸೊನ್ನೆ ತೋರಿಸುತ್ತದೆ. ಅದಕ್ಕೆ ಮುಟ್ಟದೆ ದೂರದಿಂದ ಅಳೆಯುವ ಬೇರೆ ಮೀಟರ್ ಬೇಕು. ಅದಿಲ್ಲದಿದ್ದರೆ ಟಿಶ್ಯೂ ಪೇಪರ್ ಚೂರು ಮಾಡಿ ಹಾಳೆಯ ಹತ್ತಿರ ಹಿಡಿಯಿರಿ. ಹಾರಿ ಅಂಟಿಕೊಂಡರೆ ಚಾರ್ಜ್ ಇದೆ ಅಂತಲೇ ಲೆಕ್ಕ.

ಈ ಚಾರ್ಜ್ ಹುಟ್ಟುವುದು ಎರಡು ಬೇರೆ ಬೇರೆ ವಸ್ತು ಒಂದಕ್ಕೊಂದು ಅಂಟಿದ್ದು ಬಿಡಿಸಿಕೊಂಡಾಗ. ಉಜ್ಜಲೇಬೇಕು ಅಂತೇನಿಲ್ಲ, ಬಿಡಿಸಿದರೆ ಸಾಕು. ನಿಮ್ಮ ಅಂಗಡಿಯಲ್ಲಿ ಇಡೀ ದಿನ ನಡೆಯುವುದೇ ಅದು ಅಲ್ವಾ? ರೋಲ್ ಬಿಚ್ಚುವುದು, ವಿನೈಲ್‌ನ ಹಿಂದಿನ ಪೇಪರ್ ಸುಲಿಯುವುದು, ಲ್ಯಾಮಿನೇಷನ್ ಫಿಲ್ಮ್ ಎಳೆಯುವುದು, ಆಕ್ರಿಲಿಕ್ ಮೇಲಿನ ಕವರ್ ಕೀಳುವುದು. ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಜಾಸ್ತಿ. ಪ್ರಿಂಟರ್‌ನಲ್ಲಿ ಆಗುವುದೇನಂದರೆ, ಹೆಡ್‌ನಿಂದ ಬೀಳುವ ಪ್ರತಿ ಹನಿಯ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಹನಿಗಳು ಬರುತ್ತವೆ. ದೊಡ್ಡ ಹನಿ ತನ್ನ ಭಾರಕ್ಕೆ, ವೇಗಕ್ಕೆ ನೇರ ಬೀಳುತ್ತದೆ. ಮರಿ ಹನಿಗಳು ಗಾಳಿಯಲ್ಲಿ ನಿಧಾನವಾಗಿಬಿಡುತ್ತವೆ, ಆಗ ಹಾಳೆಯ ಮೇಲಿನ ಚಾರ್ಜ್ ಅವನ್ನು ಅತ್ತಿತ್ತ ಎಳೆಯುತ್ತದೆ. ಹೆಡ್ ಮತ್ತು ವಿನೈಲ್ ನಡುವೆ ಜಾಗ ಹೆಚ್ಚಿದ್ದಷ್ಟೂ ಅವಕ್ಕೆ ಅಲೆಯಲು ಅವಕಾಶ ಹೆಚ್ಚು. ಹಾಗಾಗಿ ಹಾಳೆ ಎಲ್ಲೂ ಉಬ್ಬಿಲ್ಲದೆ ಸಪಾಟಾಗಿದ್ದರೆ ಹೆಡ್ಡನ್ನು ಕಂಪನಿ ಕೊಟ್ಟ ಅತಿ ಕೆಳಗಿನ ಎತ್ತರಕ್ಕೆ ಇಳಿಸಿ. ಪೈಸೆ ಖರ್ಚಿಲ್ಲದ ಮೊದಲ ಮದ್ದು ಇದು.

ಇನ್ನು ಹವೆಯ ಮಾತು. ಒದ್ದೆ ಗಾಳಿ ತಾನೇ ಕರೆಂಟ್ ಹರಿಸುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಗಾಳಿಯಲ್ಲಿ ತೇವ ಇದ್ದಾಗ ಪ್ಲಾಸ್ಟಿಕ್ ಮೇಲೆ, ನೆಲದ ಮೇಲೆ, ಬಟ್ಟೆ ಮೇಲೆ ನೀರಿನ ಬಹಳ ತೆಳು ಪದರ ಕೂರುತ್ತದೆ, ಚಾರ್ಜ್ ಅದರ ಮೇಲೆ ಹರಡಿ ಇಳಿದುಹೋಗುತ್ತದೆ. ಒಣ ಹವೆಯಲ್ಲಿ ಆ ಪದರವೇ ಇರುವುದಿಲ್ಲ. ಇದರ ವ್ಯತ್ಯಾಸ ಎಷ್ಟು ಅಂದರೆ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಹೇಳಿಕೊಡುವ ಹಳೆಯ ಲೆಕ್ಕ ಒಂದಿದೆ: ತೇವಾಂಶ ಶೇ 10ರಿಂದ 20 ಇರುವಾಗ ವಿನೈಲ್ ನೆಲದ ಮೇಲೆ ನಡೆದಾಡಿದ ಮನುಷ್ಯನ ಮೈಯಲ್ಲಿ 12,000 ವೋಲ್ಟ್‌ವರೆಗೆ ಸೇರಬಹುದು, ಅದೇ ನೆಲ, ಅದೇ ನಡಿಗೆ, ತೇವಾಂಶ ಶೇ 65ಕ್ಕಿಂತ ಮೇಲಿದ್ದರೆ ಬರೀ 250 ವೋಲ್ಟ್. ನಮಗೆ ಚುರುಕ್ ಅಂತ ಗೊತ್ತಾಗುವುದು ಸುಮಾರು 3,000 ವೋಲ್ಟ್ ದಾಟಿದ ಮೇಲೆ. ಅಂದರೆ ಶಾಕ್ ಹೊಡೆಯಲಿಲ್ಲ ಅಂದ ಮಾತ್ರಕ್ಕೆ ಚಾರ್ಜ್ ಇಲ್ಲ ಅಂತಲ್ಲ. ಸೂಕ್ಷ್ಮ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ 100 ವೋಲ್ಟೂ ಸಾಕು.

ವಿಜಯಪುರ, ಬಾಗಲಕೋಟೆ ಕಡೆ ಫೆಬ್ರುವರಿಯಿಂದ ಮೇವರೆಗೆ ಮಧ್ಯಾಹ್ನದ ತೇವಾಂಶ ಶೇ 30ಕ್ಕಿಂತ ಕೆಳಗಿಳಿಯುವುದು ಮಾಮೂಲು. ಬೆಳಗಾವಿಯವರಿಗೆ ಘಟ್ಟ ಹತ್ತಿರ, ಅವರಿಗೆ ಮಳೆಗಾಲದಲ್ಲಿ ತದ್ವಿರುದ್ಧ ತಲೆನೋವು, ಪ್ರಿಂಟ್ ಒಣಗುವುದೇ ಇಲ್ಲ. ನಮಗೆ ಬೇಕಾದ್ದು ಶೇ 45ರಿಂದ 55. ಕೆಲವು ನೂರು ರೂಪಾಯಿಗೆ ಗೋಡೆಗೆ ನೇತು ಹಾಕುವ ತೇವಾಂಶದ ಮೀಟರ್ ಸಿಗುತ್ತದೆ. ಬೇರೆ ಏನು ಕೊಳ್ಳುವ ಮೊದಲು ಅದೊಂದು ತಂದು ಪ್ರಿಂಟರ್ ಪಕ್ಕದಲ್ಲಿ ಹಾಕಿ. ಮಷೀನಿನ ಹೀಟರ್ ಗಾಳಿ ತಾಗದಂತೆ ಇರಲಿ, ಇಲ್ಲದಿದ್ದರೆ ಸುಳ್ಳು ಲೆಕ್ಕ ತೋರಿಸುತ್ತದೆ.

ಕೂಲರ್ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದು ತಪ್ಪಲ್ಲ, ಆದರೆ ಇಡುವ ರೀತಿ ಬೇರೆ. ಸ್ವಲ್ಪ ಲೆಕ್ಕ ಹಾಕೋಣ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದರೆ ಸುಮಾರು 85 ಘನ ಮೀಟರ್ ಗಾಳಿ. 30 ಡಿಗ್ರಿಯಲ್ಲಿ ಆ ಗಾಳಿಯನ್ನು ಶೇ 25ರಿಂದ 50ಕ್ಕೆ ತರಲು ಸುಮಾರು 650 ಮಿಲಿಲೀಟರ್ ನೀರು ಆವಿಯಾಗಬೇಕು. ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೆ ಗಂಟೆಗೊಮ್ಮೆ ಅಷ್ಟೇ ನೀರು ಮತ್ತೆ ಬೇಕು. ಗಾಳಿಗೆ ತೇವ ಸೇರಿಸಲು ಮೇಜಿನ ಮೇಲಿಡುವ ಚಿಕ್ಕ ಹ್ಯುಮಿಡಿಫೈಯರ್ ಯಾಕೆ ಸಾಲುವುದಿಲ್ಲ, ಶಟರ್ ಪೂರ್ತಿ ತೆರೆದಿಟ್ಟು ಕೂಲರ್ ಓಡಿಸಿದರೂ ಯಾಕೆ ಮೀಟರ್ ಮುಳ್ಳು ಏಳುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಪ್ರಿಂಟರ್ ಇರುವ ಭಾಗವನ್ನು ಗಾಜಿನದೋ ಪ್ಲೈವುಡ್‌ದೋ ಒಂದು ಗೋಡೆ ಹಾಕಿ ಬೇರೆ ಮಾಡಿ. ಇಂಕಿನ ಆವಿ ಹೋಗಲು ಎಕ್ಸಾಸ್ಟ್ ಬೇಕೇ ಬೇಕು, ಅದನ್ನು ಮುಚ್ಚಿ ತೇವ ಉಳಿಸುವ ಯೋಚನೆ ಮಾಡಬೇಡಿ. ಕೂಲರ್ ಗಾಳಿ ಪ್ರಿಂಟರ್ ಮೇಲೆ ನೇರ ಬೀಳಬಾರದು. ಬಿದ್ದರೆ ಗಾಳಿಯೇ ಹನಿಗಳನ್ನು ಚದುರಿಸುತ್ತದೆ, ಹುಲ್ಲಿನ ಪ್ಯಾಡ್ ಆಗಿದ್ದರೆ ನಾರಿನ ಚೂರುಗಳು ಬಂದು ಹೆಡ್‌ಗೆ ಸಿಕ್ಕಿಕೊಳ್ಳುತ್ತವೆ. ಎದುರು ಗೋಡೆಗೆ ಮುಖ ಮಾಡಿ ಇಡಿ, ಜೇನುಗೂಡಿನ ಆಕಾರದ ಪ್ಯಾಡ್ ಇರುವುದನ್ನೇ ತನ್ನಿ, ಮೀಟರ್ 55 ತೋರಿಸಿದ ಕೂಡಲೇ ನೀರಿನ ಪಂಪ್ ಬಂದ್ ಮಾಡಿ.

ಹೊಗೆಯಂತೆ ತುಂತುರು ಬಿಡುವ ಅಲ್ಟ್ರಾಸಾನಿಕ್ ಮಷೀನ್ ತರುವವರಿಗೆ ಒಂದು ಎಚ್ಚರಿಕೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಆ ಮಷೀನ್ ನೀರಿನ ಜೊತೆಗೆ ಅದರಲ್ಲಿರುವ ಸುಣ್ಣವನ್ನೂ ಗಾಳಿಗೆ ತೂರುತ್ತದೆ, ನೀರು ಆರಿದ ಮೇಲೆ ಬಿಳಿ ಪುಡಿ ವಿನೈಲ್ ಮೇಲೂ ಹೆಡ್ ಓಡಾಡುವ ರೈಲ್ ಮೇಲೂ ಕೂರುತ್ತದೆ. ಅದಕ್ಕೆ ಆರ್‌ಒ ನೀರೇ ಹಾಕಬೇಕು. ಕೂಲರ್‌ನಲ್ಲಿ ಈ ತೊಂದರೆ ಕಡಿಮೆ, ಸುಣ್ಣ ಪ್ಯಾಡ್‌ನಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಎಸಿ ಹಾಕಿಸಿದ್ದೇನೆ, ಇನ್ನೇನು ಅನ್ನುವವರಿಗೂ ಹೇಳಬೇಕು: ಎಸಿ ಗಾಳಿಯಲ್ಲಿನ ನೀರನ್ನು ಹಿಂಡಿ ಪೈಪಿನಲ್ಲಿ ಹೊರಗೆ ಬಿಡುತ್ತದೆ. ಸೆಕೆಗೆ ಒಳ್ಳೆಯದು, ಸ್ಟ್ಯಾಟಿಕ್‌ಗೆ ಕೆಟ್ಟದ್ದು.

ರೋಲುಗಳನ್ನೂ ಮರೆಯಬೇಡಿ. ಬಿಸಿಲಲ್ಲಿ ಟೆಂಪೋದಿಂದ ಇಳಿಸಿದ ರೋಲನ್ನು ಆಗಲೇ ಮಷೀನಿಗೆ ಏರಿಸಬಾರದು. ಒಂದು ದಿನ ಅದೇ ಕೋಣೆಯಲ್ಲಿ ಇರಲಿ. ಪ್ರಿಂಟ್ ಶುರು ಮಾಡುವ ಮೊದಲು ಒಂದೆರಡು ಮೀಟರ್ ನಿಧಾನವಾಗಿ ಬಿಚ್ಚಿ ಸಡಿಲವಾಗಿ ತೂಗುಬಿಡಿ. ಮಷೀನು ಪ್ರತಿ ಹೆಜ್ಜೆಗೂ ರೋಲನ್ನು ಕಿತ್ತು ಎಳೆಯುವುದು ತಪ್ಪುತ್ತದೆ.

ಈಗ ಅರ್ಥಿಂಗ್. ಸ್ಟ್ಯಾಟಿಕ್ ಚಾರ್ಜ್ ಇಳಿಯಲು ಭಾರಿ ಅರ್ಥಿಂಗ್ ಏನೂ ಬೇಡ, ಅಲ್ಲಿ ಹರಿಯುವ ಕರೆಂಟ್ ಬಹಳ ಅಲ್ಪ, ಹತ್ತು ಲಕ್ಷ ಓಮ್ ತಡೆ ಇದ್ದರೂ ನಡೆಯುತ್ತದೆ. ಆದರೆ ಮನುಷ್ಯರ ಜೀವಕ್ಕೂ ಮಷೀನಿನ ಬೋರ್ಡಿಗೂ ನಿಜವಾದ ಗಟ್ಟಿ ಅರ್ಥಿಂಗ್ ಬೇಕು, 5 ಓಮ್ ಒಳಗಿದ್ದರೆ ಒಳ್ಳೆಯದು. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಹಸಿ ಇದ್ದಾಗ ಅರ್ಥಿಂಗ್‌ಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಆಗ ಅರ್ಥಿಂಗ್ ಗುಂಡಿಯ ಪೈಪಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ಸಂಪರ್ಕವೇ ಸಡಿಲವಾಗುತ್ತದೆ. ಅಕ್ಟೋಬರ್‌ನಲ್ಲಿ ಪರೀಕ್ಷೆ ಮಾಡಿದಾಗ ಪಾಸಾದ ಗುಂಡಿ ಏಪ್ರಿಲ್‌ನಲ್ಲಿ ಫೇಲಾಗುವುದು ಇದೇ ಕಾರಣಕ್ಕೆ. ಗುಂಡಿಗೆ ವಾರಕ್ಕೊಮ್ಮೆ ಎರಡು ಬಕೆಟ್ ನೀರು ಹಾಕಿ. ಎಲೆಕ್ಟ್ರಿಷಿಯನ್ ಯಾವ ತಿಂಗಳಲ್ಲಿ ನೋಡಿದರು, ಅರ್ಥ್ ಟೆಸ್ಟರ್ ಇಟ್ಟು ನೋಡಿದರಾ ಅಥವಾ ಬಲ್ಬ್ ಹೊತ್ತಿಸಿ ನೋಡಿದರಾ, ಕೇಳಿ. ಬಲ್ಬ್ ಹೊತ್ತಿದ ಮಾತ್ರಕ್ಕೆ ಅರ್ಥಿಂಗ್ ಎಷ್ಟು ಗಟ್ಟಿ ಅಂತ ಗೊತ್ತಾಗುವುದಿಲ್ಲ, ಆ ಪರೀಕ್ಷೆಯೇ ಅಪಾಯ. ಸಾಕೆಟ್ ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಕೂಡಿಸಿ ಕೈತೊಳೆದುಕೊಳ್ಳುವ ಜನವೂ ಇದ್ದಾರೆ. ಅಂಥದ್ದು ಕಂಡರೆ ಅವತ್ತೇ ಬಿಡಿಸಿ. ನ್ಯೂಟ್ರಲ್ ತಂತಿ ಎಲ್ಲೋ ಕಡಿದರೆ ಮಷೀನಿನ ಬಾಡಿಗೇ 230 ವೋಲ್ಟ್ ಬರುತ್ತದೆ.

ಗುಂಡಿ ಸರಿಯಿದ್ದರೂ ಮಷೀನಿನ ಒಳಗೆ ಸಂಪರ್ಕ ತಪ್ಪಿರಬಹುದು. ಮೂರನೇ ಪಿನ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಬಿಸಾಡಿ. ಆಮೇಲೆ ಪ್ಲಗ್ ಕಿತ್ತಿಟ್ಟು, ಮಲ್ಟಿಮೀಟರ್‌ನ ಬೀಪ್ ಸೆಟ್ಟಿಂಗ್‌ನಲ್ಲಿ ಒಂದು ಕಡ್ಡಿ ಪ್ಲಗ್‌ನ ಅರ್ಥ್ ಪಿನ್‌ಗೆ, ಇನ್ನೊಂದು ರೋಲ್ ಹಾಕುವ ಪೈಪಿಗೆ, ಹಾಗೇ ಸ್ಟ್ಯಾಂಡಿಗೆ, ಲ್ಯಾಮಿನೇಷನ್ ಮಷೀನಿನ ಬಾಡಿಗೆ ಹಿಡಿದು ನೋಡಿ. ಬೀಪ್ ಬಂದರೆ ಸಂಪರ್ಕ ಇದೆ ಅಂತ. ಪೇಂಟ್ ಇರುವ ಜಾಗ ಬಿಟ್ಟು ಬೋಳು ಲೋಹಕ್ಕೆ ತಾಗಿಸಿ. ರೋಲ್ ಪೈಪು ಪ್ಲಾಸ್ಟಿಕ್ ಬುಷ್ ಮೇಲೆ ಕೂತಿರುತ್ತದೆ, ಅಲ್ಲಿ ಬಹಳ ಸಲ ಬೀಪ್ ಬರುವುದಿಲ್ಲ. ಮೆತ್ತನೆ ಎಳೆಯ ತಾಮ್ರದ ತಂತಿಯಿಂದ ಸ್ಟ್ಯಾಂಡಿಗೆ ಸೇರಿಸಿ.

ಪ್ಲಾಸ್ಟಿಕ್ ಮೇಲಿನ ಚಾರ್ಜ್ ಇಳಿಸಲು ಅತಿ ಅಗ್ಗದ ಸಾಧನ ಟಿನ್ಸೆಲ್. ತಾಮ್ರದ ಸಣ್ಣ ಎಳೆಗಳು ಮುಳ್ಳಿನಂತೆ ಚಾಚಿಕೊಂಡಿರುವ ಹುರಿ ಅದು, ನೋಡಲು ಗಣಪತಿ ಮಂಟಪಕ್ಕೆ ಕಟ್ಟುವ ಮಿರುಗು ಮಾಲೆಯ ಹಾಗೇ. ಹಾಗಂತ ಆ ಮಾಲೆಯನ್ನೇ ತಂದು ಕಟ್ಟಬೇಡಿ, ಅದು ಮಿರುಗು ಬಳಿದ ಪ್ಲಾಸ್ಟಿಕ್, ಮೀಟರ್ ಇಟ್ಟರೆ ಬೀಪ್ ಬರುವ ಖಾತ್ರಿಯಿಲ್ಲ. ನಿಜವಾದ ಹುರಿಯನ್ನು ವಿನೈಲ್‌ನ ಅಗಲಕ್ಕೆ ಬಿಗಿಯಾಗಿ ಎಳೆದು ಕಟ್ಟಿ ಎರಡೂ ತುದಿಯನ್ನು ಅರ್ಥ್‌ಗೆ ಕೊಡಬೇಕು. ಹಾಳೆಗೆ ತಾಗಲೇಬೇಕು ಅಂತಿಲ್ಲ, 3ರಿಂದ 6 ಮಿಲಿಮೀಟರ್ ದೂರ ಸಾಕು. ಚಾರ್ಜ್ ಇರುವ ಹಾಳೆ ಹತ್ತಿರ ಬಂದಾಗ ಆ ಚೂಪು ತುದಿಗಳಲ್ಲಿ ಎಳೆತ ಎಷ್ಟು ಜೋರಾಗುತ್ತದೆ ಅಂದರೆ ಅಲ್ಲಿನ ಗಾಳಿಯೇ ಒಡೆದು ಅಯಾನುಗಳಾಗುತ್ತದೆ (ಚಾರ್ಜ್ ಹೊತ್ತ ಕಣಗಳು), ಹಾಳೆಗೆ ಬೇಕಾದ ವಿರುದ್ಧ ಚಾರ್ಜ್ ಹಾರಿ ಹೋಗಿ ಕೂರುತ್ತದೆ. ಕರೆಂಟ್ ಖರ್ಚೇ ಇಲ್ಲ. ಪೂರ್ತಿ ಸೊನ್ನೆಗೆ ತರುವುದಿಲ್ಲ, ಒಂದೆರಡು ಸಾವಿರ ವೋಲ್ಟ್ ಉಳಿಯಬಹುದು. ಆದರೆ ಹತ್ತಾರು ಸಾವಿರ ಇದ್ದದ್ದು ಅಷ್ಟಕ್ಕೆ ಇಳಿದರೆ ನಿಮ್ಮ ಕೆಲಸ ಮುಕ್ಕಾಲು ಪಾಲು ಸುಧಾರಿಸುತ್ತದೆ.

ಕಟ್ಟುವ ಜಾಗದಲ್ಲೇ ಹೆಚ್ಚಿನವರು ಎಡವುವುದು. ಹಾಳೆ ಲೋಹದ ರೋಲರ್ ಮೇಲೋ ಪ್ರಿಂಟರ್‌ನ ಹಾಸಿನ ಮೇಲೋ ಕೂತಿರುವ ಕಡೆ ಟಿನ್ಸೆಲ್ ಕಟ್ಟಿದರೆ ಪ್ರಯೋಜನ ಕಡಿಮೆ. ಅಲ್ಲಿ ಚಾರ್ಜಿನ ಸೆಳೆತವೆಲ್ಲ ಕೆಳಗಿನ ಲೋಹದ ಕಡೆಗೇ ತಿರುಗಿರುತ್ತದೆ, ಮೇಲಿನ ಎಳೆಗಳಿಗೆ ಅದರ ಸುಳಿವೇ ಸಿಗುವುದಿಲ್ಲ. ಹಾಳೆ ಎರಡೂ ಕಡೆ ಗಾಳಿಯಲ್ಲಿ ತೇಲುವ ಜಾಗ ಹುಡುಕಿ. ನಿಮ್ಮ ಪ್ರಿಂಟರ್‌ನಲ್ಲಿ ಹಿಂದೆ, ರೋಲ್ ಬಿಚ್ಚಿ ಮಷೀನಿಗೆ ಹೋಗುವ ನಡುವಿನ ಜಾಗ. ಲ್ಯಾಮಿನೇಷನ್‌ನಲ್ಲಿ ಫಿಲ್ಮಿನಿಂದ ಪೇಪರ್ ಬಿಡಿಸಿಕೊಂಡು ಬರುತ್ತದಲ್ಲ, ಅದಾದ ತಕ್ಷಣ, ರೋಲರ್ ಸೇರುವ ಮೊದಲು. ಅಂಟಿನ ಕಡೆ ಎಳೆಗಳು ತಾಗದಂತೆ ನೋಡಿಕೊಳ್ಳಿ. ಲ್ಯಾಮಿನೇಷನ್ ಒಳಗೆ ಧೂಳು ಬರುವುದಕ್ಕೆ ಇದೇ ಮದ್ದು, ಯಾಕಂದ್ರೆ ಆ ಧೂಳು ತಾನಾಗಿ ಬೀಳುವುದಲ್ಲ, ಫಿಲ್ಮೇ ಅದನ್ನು ಎಳೆದುಕೊಳ್ಳುತ್ತದೆ.

ಕರೆಂಟಿನಲ್ಲಿ ಓಡುವ, ಸೂಜಿಗಳಿಂದ ಅಯಾನು ಹುಟ್ಟಿಸುವ ಅಯಾನೈಸರ್ ಬಾರ್ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಸಣ್ಣ ಚಾರ್ಜನ್ನೂ ಬಿಡುವುದಿಲ್ಲ. ಆದರೆ ಬೆಲೆ ಜಾಸ್ತಿ, ಅದರ ಸೂಜಿಗಳಿಗೆ ಧೂಳು ಮೆತ್ತಿದರೆ ಸತ್ತ ಹಾಗೇ, ವಾರಕ್ಕೊಮ್ಮೆ ಕರೆಂಟ್ ತೆಗೆದು ಬ್ರಷ್‌ನಿಂದ ಒರೆಸಬೇಕು. ಥಿನ್ನರ್ ಆವಿ ಇರುವ ಕಡೆ ಸಾಧಾರಣ ಬಾರ್ ಹಾಕಲೇಬಾರದು. ನಿಮ್ಮಷ್ಟು ಕೆಲಸಕ್ಕೆ ಈಗಲೇ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಯುವಿ ಫ್ಲಾಟ್‌ಬೆಡ್ (ಗಟ್ಟಿ ಹಲಗೆ ಮೇಲೆ ನೇರ ಮುದ್ರಿಸುವ ಪ್ರಿಂಟರ್) ತಂದಾಗ ಯೋಚಿಸಿ.

ಆಕ್ರಿಲಿಕ್‌ಗೆ ಬೇರೆ ನಿಯಮ. ಕವರ್ ಪೂರ್ತಿ ಒಂದೇ ಏಟಿಗೆ ಪರ್ ಅಂತ ಕೀಳಬೇಡಿ, ನಿಧಾನವಾಗಿ, ಹಾಳೆಗೆ ಒರಗಿದಂತೆ ಹಿಂದಕ್ಕೆ ಸುಲಿಯಿರಿ. ಧೂಳು ಕಂಡಿತು ಅಂತ ಒಣ ಬಟ್ಟೆಯಿಂದ ಉಜ್ಜಿದರೆ ಇನ್ನಷ್ಟು ಚಾರ್ಜ್ ಹುಟ್ಟಿ ಒರೆಸಿದ ಹಿಂದೆಯೇ ಧೂಳು ಬಂದು ಕೂರುತ್ತದೆ. ಸ್ವಲ್ಪ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ, ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಇಷ್ಟು ಸಾಕು. ಲೇಸರ್‌ನಲ್ಲಿ ಕತ್ತರಿಸಿದ ಅಕ್ಷರಕ್ಕೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಸ್ಪಿರಿಟ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಚ್ಚಬೇಡಿ. ಬಿಸಿಗೆ ಬಿಗಿದುಕೊಂಡ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತವೆ, ಕೆಲವು ಸಲ ಬೋರ್ಡ್ ಗಿರಾಕಿಯ ಅಂಗಡಿಗೆ ಹೋದ ಮೇಲೆ. ಆಂಟಿ ಸ್ಟ್ಯಾಟಿಕ್ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ಮೇಲ್ಮೈಯಲ್ಲಿ ಸಾಬೂನಿನಂಥ ಪದರ ಬಿಡುತ್ತದೆ. ಪ್ರಿಂಟ್ ಆಗುವ, ಅಂಟು ಹತ್ತುವ ಮುಖಕ್ಕೆ ಹೊಡೆಯುವ ಮೊದಲು ಒಂದು ತುಂಡಿನಲ್ಲಿ ಪರೀಕ್ಷೆ ಮಾಡಿ. ಬಟ್ಟೆಗೆ ಹಾಕುವ ಫ್ಯಾಬ್ರಿಕ್ ಸಾಫ್ಟನರ್ ನೀರಲ್ಲಿ ಕಲಸಿ ಒರೆಸುವ ಜುಗಾಡ್ ಕೂಡ ಇದೇ ತತ್ವ. ಟೇಬಲ್‌ಗೆ, ಪ್ಲಾಸ್ಟಿಕ್ ಕುರ್ಚಿಗೆ ಮಾಡಿ, ವಿನೈಲ್‌ಗೆ ಬೇಡ.

ಕುರ್ಚಿ ಅಂದದ್ದಕ್ಕೆ ನೆನಪಾಯಿತು. ಕೆಲಸಗಾರರು ಪಾಲಿಯೆಸ್ಟರ್ ಟೀಶರ್ಟ್ ಹಾಕಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಹೆಡ್ ಕ್ಲೀನ್ ಮಾಡಲು ಕೈ ಹಾಕುತ್ತಾರೆ. ಎದ್ದ ಕ್ಷಣದಲ್ಲೇ ಮೈಗೆ ಸಾವಿರಾರು ವೋಲ್ಟ್ ಏರಿರುತ್ತದೆ. ಕಾಟನ್ ಅಂಗಿ ಹಾಕಿಕೊಳ್ಳಲು ಹೇಳಿ. ಹೆಡ್, ಕೇಬಲ್, ಬೋರ್ಡ್ ಮುಟ್ಟುವ ಮೊದಲು ಮಷೀನಿನ ಬೋಳು ಲೋಹ ಮುಟ್ಟುವುದು ರೂಢಿಯಾಗಲಿ. ಬೆರಳು ಚುರುಕ್ ಅನ್ನಬಾರದು ಅಂದರೆ ಕೈಯಲ್ಲಿ ಬೀಗದ ಕೈ ಹಿಡಿದು ಅದರಿಂದ ಮುಟ್ಟಿದರಾಯಿತು. ಅಂದಕ್ಕೆ ಅಂತ ನೆಲಕ್ಕೆ ವಿನೈಲ್ ಕಾರ್ಪೆಟ್ ಹಾಸಿದ್ದರೆ ಪ್ರಿಂಟರ್ ಸುತ್ತಲಿನದನ್ನು ತೆಗೆಯಿರಿ, ಕೆಳಗಿನ ಫರ್ಶಿ ಕಲ್ಲೇ ಎಷ್ಟೋ ವಾಸಿ. ಬೆಳಿಗ್ಗೆ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರೆ ಧೂಳೂ ಹೋಯಿತು, ತೇವವೂ ಬಂತು.

ಒಂದು ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ನಿಮಗೆ ಗೊತ್ತಾಗುವಷ್ಟು ಶಾಕ್ ಹೊಡೆದ ಕಿಡಿಯಲ್ಲಿ ಥಿನ್ನರ್ ಆವಿ ಹೊತ್ತಿಸುವಷ್ಟು ಶಕ್ತಿ ಇದ್ದೇ ಇರುತ್ತದೆ. ಇಕೋ ಸಾಲ್ವೆಂಟ್ ಇಂಕ್‌ಗಳು ಸಾಮಾನ್ಯವಾಗಿ 60 ಡಿಗ್ರಿ ದಾಟಿದ ಮೇಲೆಯೇ ಬೆಂಕಿ ಹಿಡಿಯುವಷ್ಟು ಆವಿ ಬಿಡುವುದು, ಅದಕ್ಕೆ ಅಷ್ಟು ಹೆದರಬೇಕಿಲ್ಲ. ಥಿನ್ನರ್‌ಗಳಲ್ಲಿ ಇರುವ ಟಾಲ್ವೀನ್‌ಗೆ 4 ಡಿಗ್ರಿ ಸಾಕು, ಐಪಿಎಗೆ 12, ಅಸಿಟೋನ್‌ಗೆ ಸೊನ್ನೆಗಿಂತ ಬಹಳ ಕೆಳಗೆ. ಹಳೆಯ ಫ್ಲೆಕ್ಸ್ ಮಷೀನಿನ ಸಾಲ್ವೆಂಟ್ ಇಂಕ್‌ನಲ್ಲಿ ಬಳಸುವ ಸೈಕ್ಲೋಹೆಕ್ಸನೋನ್‌ಗೆ ಸುಮಾರು 44 ಡಿಗ್ರಿ, ಮೇ ತಿಂಗಳಲ್ಲಿ ತಗಡಿನ ಶೆಡ್ ಒಳಗೆ ಅಷ್ಟಾಗುವುದು ದೊಡ್ಡ ಮಾತಲ್ಲ. ಥಿನ್ನರನ್ನು ಪ್ಲಾಸ್ಟಿಕ್ ಕ್ಯಾನ್‌ನಿಂದ ಪ್ಲಾಸ್ಟಿಕ್ ಬಕೆಟ್‌ಗೆ ಎತ್ತರದಿಂದ ಸುರಿಯಬೇಡಿ. ಲೋಹದ ಡಬ್ಬ ಬಳಸಿ, ಸುರಿಯುವಾಗ ಎರಡೂ ಒಂದಕ್ಕೊಂದು ತಾಗಿರಲಿ. ಒರೆಸಲು ಕಾಟನ್ ಚಿಂದಿಯೇ ಇರಲಿ. ಸುಲಿದ ವಿನೈಲ್ ಪೇಪರ್, ಫಿಲ್ಮಿನ ಗುಡ್ಡೆಯನ್ನು ಥಿನ್ನರ್ ಇಡುವ ಮೂಲೆಯಲ್ಲಿ ಒಟ್ಟಬೇಡಿ, ಆ ಗುಡ್ಡೆಯಲ್ಲಿ ಚಾರ್ಜ್ ಬಹಳ ಹೊತ್ತು ಉಳಿಯುತ್ತದೆ.

ಕೊನೆಗೆ ಪ್ಲಾಟರ್. ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅದರ ಯುಎಸ್‌ಬಿ ಸಂಪರ್ಕ ಕಡಿಯುವುದರಿಂದ. ವಿನೈಲ್ ಸರ ಸರ ಹಿಂದೆ ಮುಂದೆ ಓಡುವಾಗ ಚಾರ್ಜ್ ಸೇರಿ ಎಲ್ಲೋ ಒಂದು ಕಡೆ ಕಿಡಿ ಹಾರುತ್ತದೆ, ಕಂಪ್ಯೂಟರ್ ಮತ್ತು ಪ್ಲಾಟರ್ ನಡುವಿನ ಮಾತು ಅಲ್ಲಿಗೆ ತಪ್ಪುತ್ತದೆ. ಪ್ಲಾಟರ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಬೋರ್ಡಿನ ಸಾಕೆಟ್‌ಗೆ ಹಾಕಿ, ಆಗ ಎರಡರ ಅರ್ಥೂ ಒಂದೇ ಆಗುತ್ತದೆ. ಐದು ಮೀಟರ್ ಕೇಬಲ್ ತೆಗೆದು ಎರಡು ಮೀಟರ್ ಒಳಗಿನ, ಎರಡೂ ತುದಿಗೆ ಕರಿ ಗುಂಡಿನಂಥ ಫೆರೈಟ್ (ವಿದ್ಯುತ್ ಗದ್ದಲ ತಡೆಯುವ ತುಂಡು) ಇರುವ ಕೇಬಲ್ ಹಾಕಿ. ಕಟಿಂಗ್ ವೇಗ ಇಳಿಸಿ, ಪ್ಲಾಟರ್ ಹಿಂದೆ ವಿನೈಲ್ ಜೋತುಬಿದ್ದಿರುವ ಕಡೆಯೂ ಒಂದು ಟಿನ್ಸೆಲ್ ಕಟ್ಟಿ. ಇಷ್ಟಾದ ಮೇಲೂ ನಿಂತರೆ ಪ್ಲಾಟರ್‌ನಲ್ಲಿ ಪೆನ್‌ಡ್ರೈವ್ ಅಥವಾ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದೆಯಾ ನೋಡಿ, ಇದ್ದರೆ ಯುಎಸ್‌ಬಿ ಕೇಬಲ್ ಪೂರ್ತಿ ತೆಗೆದು ಅದರಿಂದಲೇ ಫೈಲ್ ಕಳಿಸಿ.